ಬಾಗಿಲಲ್ಲಿ ನಿಲ್ಲಿಸಿದ ನೆಬೀಸ

ಮಂಗಳವಾರ, ಆಗಸ್ಟ್ ೧೨

ಸೆಮಿನಾರಿನ ಆಮಂತ್ರಣ ಅಚ್ಚಾಗಿ ಬಂತು. ನೋಡಿದಾಗಿನಿಂದ ಹೇಸಿಗೆ.

ವಿಷಯ, ಕಾಯುವ ಹೆಣ್ಣು. ತರಗತಿಯಲ್ಲಿ ಒಂದು ಕವಿತೆ, ಒಂದು ಕತೆ, ಒಂದು ವರ್ಣಚಿತ್ರ ಕೊಟ್ಟಿದ್ದೆ. ಮೂರರಲ್ಲೂ ಅವಳು ಬಾಗಿಲಿಗೊರಗಿ ದಾರಿ ನೋಡುತ್ತಾಳೆ. ತಂದೆ ದುಬೈಯಲ್ಲಿರುವ ಜಸೀನಾ ಮಾತ್ರ ಕೇಳಿದಳು, "ಇವರಿಗೆಲ್ಲ ಬೇರೆ ಕೆಲಸ ಇಲ್ವಾ ಮೇಡಂ? ನನ್ನ ಉಮ್ಮನಿಗೆ ಹೀಗೆ ನಿಲ್ಲಲಿಕ್ಕೆ ಪುರುಸೊತ್ತೇ ಇಲ್ಲ."

ಮೆಚ್ಚಿ ಅದನ್ನು ವಿಭಾಗದ ಮುಖ್ಯಸ್ಥ ಪ್ರೇಮನಾಥರಿಗೆ ಹೇಳಿದೆ. ಅವರ ಕಿವಿಗೆ ಬಿದ್ದದ್ದು ದುಬೈ ಮಾತ್ರ.

"ಹಾಗಾದ್ರೆ ಆಮಂತ್ರಣದ ಮುಖಪುಟಕ್ಕೆ ಆ ತಾಯಿಯದ್ದೇ ಫೋಟೊ ತೆಗೆಯುವ."

ಸವಣೂರಿನ ಜಸೀನಾಳ ಮನೆಗೆ ನಾನೂ ಹೋಗಿದ್ದೆ. ಅವಳ ಉಮ್ಮ ನೆಬೀಸ ಹೊಲಿಗೆ ಮಿಷನ್ನಿನಿಂದ ಎದ್ದು ಬಂದರು, ಹೆಗಲಲ್ಲಿ ಅಳತೆಯ ಟೇಪು. "ಬೇಗ ತೆಗೀರಿ ಮಾರಾಯ್ರೆ, ಸಂಜೆಗೆ ಮದುಮಗಳ ಬ್ಲೌಸ್ ಕೊಡ್ಲಿಕ್ಕುಂಟು" ಎಂದು ನಗುತ್ತಲೇ ಬಾಗಿಲಲ್ಲಿ ನಿಂತರು.

"ನಗುದು ಬೇಡ, ದಾರಿ ಕಡೆ ನೋಡಿ" ಎಂದರು ಪ್ರೇಮನಾಥರು.

ಆಮಂತ್ರಣದಲ್ಲಿ ನಗು ಇಲ್ಲ. ಟೇಪನ್ನೂ ಕಂಪ್ಯೂಟರಿನಲ್ಲಿ ಅಳಿಸಿದ್ದಾರೆ. ಖಾಲಿ ಹೆಗಲಿನ ಹೆಂಗಸು ಖಾಲಿ ದಾರಿ ನೋಡುತ್ತಿದ್ದಾಳೆ. ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು, ಸಂಯೋಜಕಿ ಎಂದು.

ನಾಳೆ ಬೆಳಿಗ್ಗೆ ಮೊದಲ ಸಾಲಿನಲ್ಲೇ ಕೂತಿರುತ್ತಾಳೆ ಜಸೀನಾ. ಅವಳ ಕೈಗೆ ಇದನ್ನು ಕೊಡಬೇಕಾದವಳು ನಾನು, ಕೊಟ್ಟು ಎಂತ ಹೇಳುವುದು?