ನಾಲ್ಕು ಬೆರಳು ಎತ್ತರ

೧೪, ಸೋಮವಾರ. ಬೆಳಿಗ್ಗೆ

ಇವತ್ತೂ ಅದೇ. ಇವರು ಕಂಕುಳಿಗೆ ಕೈ ಹಾಕಿ, ಉಸಿರು ಬಿಗಿಹಿಡಿದು, ಮೂಟೆ ಎತ್ತಿದ ಹಾಗೆ ಎತ್ತಿ ಕಾರಿನ ಸೀಟಿಗೆ ಹಾಕಿದರು. ಎದುರು ಮನೆಯಾಕೆ ಮಹಡಿಯಿಂದ ನೋಡುತ್ತಿದ್ದಳು. ಟಾಪ್ ಬೆನ್ನ ಮೇಲೇರಿತ್ತು... ಅವಮಾನ ಅನ್ನುವುದು ದಿನಕ್ಕೆರಡು ಸಲ, ಮಾತ್ರೆಯ ಹಾಗೆ.

ಬೆನ್ನಿನ ಆಪರೇಷನ್ ಆದಮೇಲೆ ಕಾಲುಗಳು ನನ್ನ ಮಾತು ಕೇಳುವುದು ಬಿಟ್ಟಿವೆ. ಬಾಯಿ ಮಾತ್ರ ಮೊದಲಿಗಿಂತ ಜೋರು. ಬ್ರೇಕು, ಆಕ್ಸಿಲರೇಟರ್ ಎರಡನ್ನೂ ಕೈಯಲ್ಲೇ ಒತ್ತುವ ಲಿವರ್ ಕೂರಿಸಿದ್ದಾಗಿದೆ. ಲೈಸೆನ್ಸೂ ಬಂದಿದೆ. ೨೮ಕ್ಕೆ ಲ್ಯಾಬಿನಲ್ಲಿ ಡ್ಯೂಟಿಗೆ ಹಾಜರಾಗಬೇಕು. ಅಡ್ಡ ಇರುವುದು ಒಂದೇ — ವೀಲ್‌ಚೇರಿಗಿಂತ ಕಾರಿನ ಸೀಟು ನಾಲ್ಕು ಬೆರಳು ಎತ್ತರ. ನಡುವೆ ಹಲಗೆ ಇಟ್ಟು ಸರಿದುಕೊಂಡು ಹೋಗಬೇಕು. ಇಳಿಯುವುದು ಸಲೀಸು. ಹತ್ತಲು ತೋಳಿನ ಬಲ ಸಾಲದು. ಎರಡೇ ಬೆರಳಾದರೆ ದಾಟಬಲ್ಲೆ, ಮಂಚದ ಮೇಲೆ ದಿಂಬು ಇಟ್ಟು ಅಭ್ಯಾಸ ಮಾಡಿದ್ದೇನೆ. ಕುರ್ಚಿಯನ್ನು ಎತ್ತರಿಸಿದರೆ ವಾಲಿ ಬೀಳುತ್ತೇನೆ. ಸರಿ, ಕಾರನ್ನೇ ತಗ್ಗಿಸುವುದು. ಹಟ ಹಿಡಿದಿದ್ದೇನೆ.

೧೬, ಬುಧವಾರ

ಗಿಡ್ಡ ಸ್ಪ್ರಿಂಗ್ ಬಂದವು. ಕಾರು ನೆಲಕ್ಕೆ ಅಂಟಿದಂತೆ ಕಾಣಲಿ ಎಂದು ಶೋಕಿಲಾಲರು ಹಾಕಿಸುವಂಥವು. ಗ್ಯಾರೇಜಿನವನಿಗೆ ನಾವಿಟ್ಟ ಹೆಸರು ಮೀಸೆ. ನೋಡಿ ನಕ್ಕ.

"ಈ ವಯಸ್ಸಲ್ಲಿ ರೇಸಿಗೆ ಇಳೀತೀರಾ ಅಕ್ಕ?"

"ಹೂಂ. ಮೊದಲು ನಿಮ್ಮನ್ನೇ ಹಿಂದೆ ಹಾಕ್ತೀನಿ."

ಕಾರಣ ಹೇಳಿದ ಮೇಲೆ ನಗು ನಿಂತಿತು. ಶಾಕ್ ಅಬ್ಸಾರ್ಬರ್ ಹಳೆಯವೇ ಇರಲಿ, ಗಟ್ಟಿಯಾಗಿವೆ, ಇಷ್ಟು ತಗ್ಗಿಸಿದರೆ ತಡೆದುಕೊಳ್ಳುತ್ತವೆ ಎಂದ. "ಆದ್ರೆ ಹಂಪ್ ಮೇಲೆ ಜೋರಾಗಿ ಹೋಗ್ಬೇಡಿ. ದಡ್ ಅಂತ ಕೂತ್ಕೊಳ್ಳುತ್ತೆ. ಪೆಟ್ಟು ನೇರ ಬೆನ್ನಿಗೆ."

ಇವರ ಮುಖ ಸಣ್ಣಗಾಯಿತು.

ಮೀಸೆಗೆ ಈ ತಿಂಗಳು ಬಿಡುವಿಲ್ಲ. ಸ್ಪ್ರಿಂಗ್ ಅಮುಕುವ ಕೊಕ್ಕೆಗಳನ್ನು ಎರವಲು ಕೊಟ್ಟಿದ್ದಾನೆ. ಇವರೇ ಕೂರಿಸುತ್ತಾರಂತೆ. ಝೆರಾಕ್ಸ್ ಮೆಷಿನ್ ರಿಪೇರಿ ಮಾಡುವ ಕೈ... ನೋಡೋಣ.

೧೯, ಶನಿವಾರ. ಸಂಜೆ

ಇವತ್ತು ಸ್ಪ್ರಿಂಗ್ ಕೂರಿಸುವ ಕೆಲಸ. ಸ್ಪ್ರಿಂಗಿಗೆ ಎರಡೂ ಬದಿ ಕೊಕ್ಕೆ ಹಾಕಿ, ಬೋಲ್ಟ್ ತಿರುಗಿಸುತ್ತ ಕುಗ್ಗಿಸಬೇಕು. ಕೊಕ್ಕೆ ಕಳಚಿದರೆ ಎದುರಿದ್ದವರ ದವಡೆ ಹೋಯಿತು ಅಂತಲೇ ಲೆಕ್ಕ.

"ಮುಖ ಆ ಕಡೆ ಇಟ್ಕೊಳ್ರೀ!"

"ನೀನು ಒಳಗೆ ಹೋಗು ಮೊದಲು."

ಹೋಗಲಿಲ್ಲ. ಟಾರ್ಚ್ ಹಿಡಿದು ಕೂತೆ. ಒಮ್ಮೆ ಟಕ್ ಅಂತ ಸದ್ದು. ಇಬ್ಬರಿಗೂ ಜೀವ ಬಾಯಿಗೆ ಬಂತು. ಕೊಕ್ಕೆ ಸ್ವಲ್ಪ ಜಾರಿ ಮತ್ತೆ ಕಚ್ಚಿಕೊಂಡಿತ್ತು, ಅಷ್ಟೇ.

ನಾಲ್ಕೂ ಚಕ್ರದ್ದು ಮುಗಿಯಿತು. ಜಾಕ್ ಇಳಿಸಿದರು. ಸೀಟಿಗೆ ಬೆರಳಿಟ್ಟು ಅಳೆದೆ.

ಮೂರು.

ಆದರೂ ಹಲಗೆ ಇಟ್ಟು ನೋಡಿದೆ. ಅರ್ಧ ದಾರಿಯಲ್ಲಿ ಜಾರಿದೆ — ಇವರು ಹಿಡಿದರು. ಮತ್ತೆ ಕಂಕುಳು, ಮತ್ತೆ ಮೂಟೆ. ಜೋರಾಗಿ ಅತ್ತುಬಿಟ್ಟೆ. ಮಹಡಿಯವಳು ಕೇಳಿಸಿಕೊಳ್ಳಲಿ.

೨೦, ಭಾನುವಾರ

ಮೀಸೆಗೆ ಫೋನ್ ಮಾಡಿದರು ಇವರು, ಅಂಗಳಕ್ಕೆ ಹೋಗಿ.

"ಏನಂದ?"

"ಇಳಿಯೋದು ಇಷ್ಟೇ ಅಂತೆ."

ಡ್ಯೂಟಿಗೆ ತಾವೇ ಬಿಟ್ಟು ತಾವೇ ಕರೆತರುತ್ತಾರಂತೆ. "ನಾನಿಲ್ವಾ?" ಅಂದರು. ಇದ್ದಾರೆ. ಅದಕ್ಕೇ ಬೈಯಲೂ ಆಗುವುದಿಲ್ಲ.

೨೫, ಶುಕ್ರವಾರ

ಬರೆಯುವ ಮನಸ್ಸೇ ಇರಲಿಲ್ಲ. ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮೀಸೆ ಕೊಕ್ಕೆ ವಾಪಸು ಒಯ್ಯಲು ಬಂದಿದ್ದ. ಇವರು ಕೆಲಸಕ್ಕೆ ಹೋಗಿದ್ದರು. ಕಾರಿನ ಸುತ್ತ ಬಂದು ಬಗ್ಗಿ ನೋಡಿದ.

"ಇನ್ನೂ ಸಡಿಲಿಸಿಲ್ವಾ ಅಕ್ಕ?"

"ಏನನ್ನ?"

"ಕೆಳಗಿನ ಬೋಲ್ಟು. ಚಕ್ರ ಗಾಳೀಲಿ ನೇತಾಡ್ತಿರುವಾಗ್ಲೇ ಬಿಗಿದುಬಿಟ್ಟಿದ್ದಾರೆ. ಒಳಗಿನ ರಬ್ಬರ್ ತಿರುಚಿಕೊಂಡು ಕಾರನ್ನ ಎತ್ತಿ ಹಿಡಿದಿದೆ. ಕಾರು ನೆಲದ ಮೇಲೆ ನಿಂತಿರುವಾಗ ಸಡಿಲಿಸಿ ಮತ್ತೆ ಬಿಗಿದ್ರೆ ಆಯ್ತು. ಭಾನುವಾರಾನೇ ಹೇಳಿದ್ನಲ್ಲ ಅಣ್ಣಂಗೆ?"

ಭಾನುವಾರಾನೇ!

ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ. ದಿನಾ ಎತ್ತಿದ್ದಾರೆ, ಇಳಿಸಿದ್ದಾರೆ, ನನ್ನ ಅಳು ನೋಡಿದ್ದಾರೆ. ಮೈಯೆಲ್ಲ ಉರಿಯುತ್ತಿದೆ. ಬರಲಿ ಮನೆಗೆ.

೨೬, ಶನಿವಾರ

ನಿನ್ನೆ ಬಾಗಿಲಲ್ಲೇ ಕೇಳಿದೆ. ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ.

"ಹಂಪ್ ಮೇಲೆ ಏನಾದ್ರೂ ಆದ್ರೆ? ಪಕ್ಕದಲ್ಲಿ ನಾನಿರಲ್ಲ."

"ಅದಕ್ಕೆ ಜನ್ಮವಿಡೀ ಎತ್ತುತ್ತಾ ಇರ್ತೀರಾ?"

"ನನಗೆ ಭಾರ ಅಂತ ಯಾವತ್ತಾದ್ರೂ ಅಂದಿದ್ದೀನಾ?"

"ನನಗೆ ಭಾರ ರೀ. ನನಗೆ."

ತಟ್ಟೆ ಹಾಕಿಕೊಂಡೆವು. ಇಬ್ಬರದ್ದೂ ಊಟ ಸರಿಯಾಗಿ ಇಲ್ಲ.

ಬೆಳಿಗ್ಗೆ ಸ್ಪ್ಯಾನರ್ ತಂದು ಅವರ ಕೈಗಿಟ್ಟೆ. ಅದನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಎದ್ದು, ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಚಾಪೆ ಹಾಸಿಕೊಂಡು ಕಾರಿನಡಿ ತೂರಿದರು. ಎದೆಗೂ ಕಾರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಬೋಲ್ಟ್ ಸಡಿಲವಾಯಿತು. ಕಾರು ಕಿರ್ ಎಂದು ಅವರ ಮೇಲೆ ತಗ್ಗಿತು. ಬೇಡ, ಹೊರಗೆ ಬನ್ನಿ ಎಂಬ ಮಾತು ನಾಲಗೆ ತುದಿಗೆ ಬಂದಿತ್ತು... ನುಂಗಿಕೊಂಡೆ. ಇವರು ಇಷ್ಟು ದಿನ ಸುಮ್ಮನಿದ್ದದ್ದು ಯಾಕೆಂದು ಆಗ ತಿಳಿಯಿತು. ಕ್ಷಮಿಸಿದ್ದೇನೆ ಅಂತಲ್ಲ.

ಬೋಲ್ಟುಗಳನ್ನು ಮತ್ತೆ ಬಿಗಿದು, ಕಾರನ್ನು ಹಲಗೆಗಳಿಂದ ನೆಲಕ್ಕೆ ಇಳಿಸಿದ ಮೇಲೆ ಅಳೆದೆ. ಎರಡು ಬೆರಳು! ಹಲಗೆ ಇಟ್ಟೆ. ಹಲ್ಲು ಕಚ್ಚಿದೆ. ದಾಟಿದೆ. ಇವರು ಎರಡೂ ಕೈ ಜೇಬಿನಲ್ಲಿ ತುರುಕಿಕೊಂಡು ನಿಂತಿದ್ದರು.

೨೮, ಸೋಮವಾರ. ಬೆಳಿಗ್ಗೆ, ಕಾರಿನಲ್ಲೇ

ಲ್ಯಾಬಿನ ಪಾರ್ಕಿಂಗ್. ಒಬ್ಬಳೇ. ಮನೆ ಮುಂದೆ ಕುರ್ಚಿ ಮಡಚಿ ಪಕ್ಕದ ಸೀಟಿಗೆ ನಾನೇ ಎಳೆದು ಹಾಕಿಕೊಂಡೆ. ಹೊರಡುವಾಗ ಇವರು ಕಿಟಕಿಗೆ ಬಗ್ಗಿ, "ತಲುಪಿದ ತಕ್ಷಣ ಫೋನ್ ಮಾಡು" ಅಂದರು.

"ಮಾಡಲ್ಲ." ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಹಂಪ್‌ಗಳನ್ನೆಲ್ಲ ಆಮೆಯ ಹಾಗೆ ಹತ್ತಿ ಇಳಿದೆ. ಹಿಂದಿನವರು ಹಾರ್ನ್ ಬಡಿದರು, ಬಡಿದುಕೊಳ್ಳಲಿ. ಇಲ್ಲಿ ಗೇಟಿನ ಹತ್ತಿರದ್ದು ಕಾಣಲೇ ಇಲ್ಲ. ದಡ್! ಬೆನ್ನಿನಿಂದ ನೆತ್ತಿಯವರೆಗೆ ಹೊಡೆಯಿತು. ಕಾರು ನಿಲ್ಲಿಸಿ ಕಣ್ಣು ಮುಚ್ಚಿದೆ. ಮುಗಿಯಿತು ಅಂದುಕೊಂಡೆ. ನೋವು ಏರಿತು... ನಿಂತಿತು... ನಿಧಾನಕ್ಕೆ ಇಳಿಯಿತು. ಕೈಬೆರಳು ಆಡಿಸಿ ನೋಡಿದೆ. ಆಡುತ್ತಿವೆ.

ವಾಚ್‌ಮನ್ ಎರಡೂ ಕೈ ಚಾಚಿಕೊಂಡು ಓಡಿ ಬರುತ್ತಿದ್ದಾನೆ. ಪಾಪ. ಕೈ ಜೇಬಲ್ಲಿಟ್ಕೋಪ್ಪ ಅನ್ನಬೇಕು.

ಅದಕ್ಕೂ ಮೊದಲು ಫೋನ್. ಮಾಡಲ್ಲ ಅಂದಿದ್ದೆ. ಮಾಡಿದೆ. ಒಂದು ರಿಂಗೂ ಪೂರ್ತಿ ಆಗಿಲ್ಲ, ಆ ಕಡೆ ಇವರು ಎತ್ತಿಬಿಟ್ಟರು.