ಹೊರಗಿನಿಂದ ಬೆಂಬಲ

ಜೂನ್ ೪, ಬೆಳಗಿನ ಜಾವ ೩.೧೦
ಟಕ್ ಟಕ್ ಟಕ್. ಬೆಚ್ಚಿ ಎದ್ದೆ. ಪಾಪು ತೊಟ್ಟಿಲ ಸರಳಿಗೆ ಚಮಚ ಬಡಿಯುತ್ತಿದ್ದಾಳೆ. ಹಣೆ ಮುಟ್ಟಿದೆ — ಜ್ವರ ಇಲ್ಲ. ಮತ್ತೆ ಮುಟ್ಟಿದೆ. ಬಟ್ಟೆ ಮಾತ್ರ ಒದ್ದೆ. ಗಂಡ ಮಹಾಶಯರು ಬಾಗಿಲಲ್ಲೇ ನಿಂತು, "ಭೇಷ್, ಚೆನ್ನಾಗಿ ನಿಭಾಯಿಸ್ತಿದ್ದೀಯ" ಅಂದರು. ಪಕ್ಕದ ಕೋಣೆಯಿಂದ ಅತ್ತೆ: "ಅವನ ಪಾರ್ಟಿನೇ ಹಾಗಮ್ಮ. ಹೊರಗಿನಿಂದ ಬೆಂಬಲ. ಒದ್ದೆ ಬಟ್ಟೆ ಎಲ್ಲಾ ಒಳಗಿರೋರ ಹಣೆಬರಹ!"
ಅತ್ತೆಯದು ಸರ್ಕಾರ ನಡೆಸುವ ದೊಡ್ಡ ಎಡಪಕ್ಷ. ಇವರದು ಸಣ್ಣದು, ಮಂತ್ರಿಗಿರಿ ಬೇಡ, ಸದನದಲ್ಲಿ ವೋಟು ಮಾತ್ರ ಹಾಕುತ್ತೇವೆ ಅನ್ನುವಂಥದ್ದು. ಎರಡೂ ಬಾವುಟ ಕೆಂಪು. ಒಗೆಯುವಾಗ ಯಾವುದು ಯಾರದೋ ನನಗಿನ್ನೂ ತಿಳಿಯದು.

ಜೂನ್ ೫
ಬಸ್ ದರ ಏರಿತು. ತಾಯಿ ಮಗನಿಗೆ ಮಾತಿಲ್ಲ. "ಉಪ್ಪು ಕೊಡೋಕೆ ಹೇಳು ನಿಮ್ಮತ್ತೆಗೆ." "ಉಪ್ಪಿನ ದರ ಇನ್ನೂ ಏರಿಸಿಲ್ಲ, ಧಾರಾಳವಾಗಿ ಹಾಕ್ಕೋ ಅಂತ ಹೇಳು ಅವನಿಗೆ." ಪಾಪುಗೆ ನಕ್ಕು ನಕ್ಕು ಬಿಕ್ಕಳಿಕೆ. ಅಷ್ಟು ಬಿಕ್ಕಳಿಸಬಹುದಾ... ಡಾಕ್ಟರನ್ನು ಕೇಳಬೇಕು.

ಜೂನ್ ೧೧, ಸಂಜೆ
ನಾಳೆ ವಿಶ್ವಾಸಮತ. ಇವರು ಸಭೆಗೆ ಹೊರಡುವ ಮುಂಚೆ ಹೇಳಿಕೆ ಹೇಳಿದರು, ನಾನು ಫೋನಿನಲ್ಲಿ ಟೈಪಿಸಿದೆ: "ದರ ಏರಿಕೆ ಖಂಡನೀಯ. ಬೆಂಬಲವನ್ನು ಪಕ್ಷ ಹಿಂಪಡೆಯುವುದಿಲ್ಲ."
"ಸಂಧಿ ಬೇಡ ಕಣೇ. 'ಇಲ್ಲ' ಬಿಡಿಸಿ ಬರಿ, ತೂಕ ಬರತ್ತೆ."
ಬಿಡಿಸಿದೆ. ಪಾಪು ತೊಡೆಯ ಮೇಲೆ, ಅವಳ ಕೈ ಪರದೆಯ ಮೇಲೆ. ನಾಳೆ ಬೆಳಗಿನ ಸಂಚಿಕೆಗೆಂದು ಇವರ ಪಕ್ಷದ ಪತ್ರಿಕೆಯ ಸಂಪಾದಕರಿಗೆ ಕಳಿಸಿದೆ. ಅತ್ತೆಯೂ ತಮ್ಮ ಪಕ್ಷದ ಕಚೇರಿಗೆ ಹೊರಟರು. ಕಿವಿಯಲ್ಲಿ: "ಬೀಳಿಸಲ್ಲ ತಾನೇ ನಿನ್ನ ಗಂಡ?"
"ಇಲ್ಲ ಅತ್ತೆ, ನನ್ನ ಮಾತು ನಂಬಿ."

ಅದೇ ದಿನ, ರಾತ್ರಿ
ಪಾಪುವಿನ ಕಾಲು ತೊಳೆಯುತ್ತಾ, ಕಳಿಸಿದ್ದನ್ನು ಇನ್ನೊಮ್ಮೆ ಓದಿದೆ. "ಬೆಂಬಲವನ್ನು ಪಕ್ಷ ಹಿಂಪಡೆಯುವುದು." ಇಲ್ಲ? ಇಲ್ಲ ಎಲ್ಲಿ? ಆ ಪುಟ್ಟ ಬೆರಳು! ಸೋಪಿನ ಕೈಯಿಂದ ಜಾರಿ ಫೋನ್ ಬಕೆಟ್ಟಿಗೆ. ಪಾಪು ಚಪ್ಪಾಳೆ. ಫೋನ್ ಸತ್ತಿತು. ಪಕ್ಕದ ಮನೆಗೆ ಬೀಗ.
ಪತ್ರಿಕೆ ನಂಬಿ, ಸರ್ಕಾರದ ಜೊತೆಗಿರುವ ಪಕ್ಷೇತರ ಶಾಸಕರೂ ಓಡಿದರೆ ಸರ್ಕಾರ ಹೋಯಿತು. ಅತ್ತೆಗೆ ಮಾತು ಕೊಟ್ಟವಳು ನಾನು.
ಬಾಗಿಲ ಪಕ್ಕ ಕುರ್ಚಿ ಹಾಕಿ ಕೂತಿದ್ದೇನೆ. ಪಾಪು ಎದೆಯ ಮೇಲೆ ಈಗಷ್ಟೇ ಮಲಗಿದಳು. ಬೀದಿಗೆ ಓಡೋಣವೆಂದರೆ ಏಳುತ್ತಾಳೆ. ಸರ್ಕಾರ ಬಿದ್ದರೆ ಇನ್ನೊಂದು ಕಟ್ಟಬಹುದು, ಇವಳು ಎದ್ದರೆ...
ಕಣ್ಣು ಎಳೆಯುತ್ತಿದೆ. ಈ ಡೈರಿ ತೆರೆದೇ ಇಡುತ್ತೇನೆ. ಮೊದಲು ಬಂದವರು ಓದಿ — ಅತ್ತೆ, ನೀವಾಗಲಿ, ರೀ, ನೀವಾಗಲಿ. ಜಗಳ ಆಮೇಲೆ. ನನ್ನನ್ನು ಎಬ್ಬಿಸಬೇಡಿ, ಇವಳನ್ನಂತೂ ಖಂಡಿತ ಬೇಡ. ಸಂಪಾದಕರಿಗೆ ಒಂದೇ ಪದ ಹೇಳಿ: ಇಲ್ಲ. ಬೆಳಗಾಗುವುದರೊಳಗೆ, ನಿಮ್ಮ ದಮ್ಮಯ್ಯ, ಒಂದು ಫೋನ್ ಮಾ