ಕೆಂಪು ದೀಪದಲ್ಲಿ ಕಾಲೂರದವನು

ಫೆಬ್ರವರಿ 7, ಮಂಗಳವಾರ. ಬೆಳಿಗ್ಗೆ 9

ಬರೆಯಬೇಕಂತೆ. ತಲೆಗೆ ಪೆಟ್ಟು ಬಿದ್ದಿದೆ, ದಿನಾ ಬರೆದರೆ ನೆನಪು ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತಂತೆ. ಡಾಕ್ಟರು ಹೇಳಿದರು, ಮಗಳು ರೇಲೀನ್ ನೋಟ್‌ಬುಕ್ ತಂದು ಮೇಜಿನ ಮೇಲೆ ಎಸೆದಳು. ಹದಿನಾಲ್ಕಕ್ಕೆ ಸ್ಕೂಲು ಬಿಟ್ಟವನು ನಾನು. ಐವತ್ತು ವರ್ಷ ಅಡಿಲೇಡಿನ ಗೋಡೆಗಳಿಗೆ ಪ್ಲಾಸ್ಟರ್ ಮೆತ್ತಿದೆ. ಒಬ್ಬನೂ ಬರೆದು ಕೊಡು ಅನ್ನಲಿಲ್ಲ.

ಸರಿ, ತಗೊಳ್ಳಿ. ಶನಿವಾರ ನಾರ್ಟನ್ ಸಮಿಟ್ ಬೆಟ್ಟಕ್ಕೆ ಹೊರಟಿದ್ದೆವು, ಎಂಟು ಸೈಕಲ್. ದಾರಿಯ ಸಿಗ್ನಲ್ಲಿನಲ್ಲಿ ಕೆಂಪು ದೀಪ. ನಿಂತಿದ್ದೆ. ಪಕ್ಕದಲ್ಲಿದ್ದ ಹಳೇ ಜೊತೆಗಾರ ಲಿಂಡ್ಸಿ ಕೋರ್ನರ್ ನನಗೆ ತಗುಲಿದ. ಇಬ್ಬರೂ ಬಿದ್ದೆವು. ನನಗೆ ತಲೆ, ಅವನಿಗೆ ಭುಜದ ಕಾಲರ್ ಬೋನ್ ಮುರಿತ. ಮುಗಿಯಿತು.

ಫೆಬ್ರವರಿ 8

ರೇಲೀನ್ ಓದಿದ್ದಾಳೆ. ಕೇಳದೆ.

"ಅಪ್ಪಾ, ನಿಂತಿದ್ದೆ ಅಂದ್ರೆ? ಕಾಲು ಊರಿದ್ಯೋ ಇಲ್ವೋ?"

"ನಾನ್ಯಾವತ್ತು ಊರಿದೀನಿ?"

"ಎಪ್ಪತ್ನಾಲ್ಕು ವರ್ಷ ನಿಂಗೆ!"

"ಅದಕ್ಕೇ. ಈಗೇನು ಶುರು ಮಾಡೋದು?"

ಇವಳಿಗೇನು ಗೊತ್ತು. ನಿಲ್ಲುವುದೂ ಒಂದು ಕೆಲಸ. ಕೆಂಪು ದೀಪದಲ್ಲಿ ಎರಡೂ ಬೂಟು ಅಡಿಯ ಕೊಕ್ಕೆಯಲ್ಲಿ ಪೆಡಲಿಗೆ ಕಚ್ಚಿಕೊಂಡೇ ಇರಬೇಕು. ಮುಂದಿನ ಚಕ್ರ ಸ್ವಲ್ಪ ಓರೆ, ಸೈಕಲ್ ನಿಂತಲ್ಲೇ ನಿಲ್ಲಬೇಕು. ಬೆಟ್ಟದ ಮೇಲೆ ಹಿಂದಿನವರಿಗೆ ಕಾಯುವುದು ಬೇರೆ — ಸೀಟಿನ ಮುಂದಿನ ಬಾರಿನ ಮೇಲೆ ಓರೆಯಾಗಿ ಕೂರಬೇಕು, ಕನ್ನಡಕ ಹೆಲ್ಮೆಟ್ಟಿನ ತೂತಿಗೆ, ಮುಖದಲ್ಲಿ ಬೇಜಾರು. ಏದುಸಿರು ಕಾಣಬಾರದು. ಸತ್ತರೂ.

ಇದೆಲ್ಲ ಕಲಿಸಿದವನೇ ಲಿಂಡ್ಸಿ. 1979ರಲ್ಲಿ. ಅರವತ್ತು ದಾಟಿದ ಮೇಲೆ ತಾನು ಮಾತ್ರ ಕಾಲು ಊರತೊಡಗಿದ, ಪೋಸ್ಟ್‌ಮನ್ ಥರ. ಪ್ರತಿ ಸಿಗ್ನಲ್ಲಿನಲ್ಲೂ ಕೂಗುತ್ತಿದ್ದೆ — "ನೋಡ್ರಪ್ಪಾ, ಟಪಾಲು ಬಂತು!" ನಗುತ್ತಿದ್ದ.

ಫೆಬ್ರವರಿ 11, ಶನಿವಾರ. 7 ಗಂಟೆ

ಇಷ್ಟು ಹೊತ್ತಿಗೆ ಎಲ್ಲರೂ ಬೆಟ್ಟ ಹತ್ತುತ್ತಿರುತ್ತಾರೆ. ನಾನು ಟೋಸ್ಟ್ ತಿನ್ನುತ್ತಿದ್ದೇನೆ. ಥೂ.

ಮಾರ್ಚ್ 4, ಶನಿವಾರ. ಮಧ್ಯಾಹ್ನ

ಮೂರು ವಾರ ಬರೆಯಲಿಲ್ಲ. ಏನು ಬರೆಯುವುದಿತ್ತು, ಟೋಸ್ಟೇ?

ಇವತ್ತು ಹೋದೆ. ಅದೇ ಸಿಗ್ನಲ್. ಆರು ಜನ, ಆರೂ ಜನ ಕಾಲು ಊರಿದರು. ಹೊಸ ನಿಯಮವಂತೆ. ಗುಂಪಿನ ಕ್ಯಾಪ್ಟನ್ ಟ್ರಿಸ್ಟನ್ ಮಾಡಿದ್ದು... ಹಲ್ಲಿನ ಡಾಕ್ಟರು. ಸೈಕಲ್ಲಿಗೆ ಹೊಂದುವ ಕಾಲುಚೀಲ, ಕಾಲುಚೀಲಕ್ಕೆ ಹೊಂದುವ ನೀರಿನ ಬಾಟಲಿ. ನಾನು ಊರಲಿಲ್ಲ.

"ಮರ್ವ್, ಕಾಲು ಕೆಳಗಿಡಿ," ಅಂದ.

"ನಿನ್ನ ಕುರ್ಚೀಲಿ ಕೂತಾಗ ಬಾಯಿ ತೆರೀತೀನಿ. ಇಲ್ಲಿ ನೀನು ಮುಚ್ಚು."

ಬೆಟ್ಟದ ಮೇಲೆ ಪಬ್ಬಿನ ಮುಂದೆ ಸೈಕಲ್ ಬಾರಿನ ಮೇಲೆ ಕೂತು ಕಾಯುವಾಗ ಟ್ರಿಸ್ಟನ್‌ನನ್ನು ಕೇಳಿದೆ, ಲಿಂಡ್ಸಿ ಯಾವಾಗ ಬರುತ್ತಾನೆ ಅಂತ.

"ಬರೋಲ್ಲ. ನಾನೇ ತಗುಲಿದ್ದು ಅಂತ ಅವರೇ ಒಪ್ಕೊಂಡ್ರಲ್ಲ. ಇವತ್ತು ನಿಮಗೆ ಪೆಟ್ಟು, ನಾಳೆ ಇನ್ನೊಬ್ರಿಗೆ. ಗುಂಪಿಂದ ಹೆಸರು ತೆಗೆದ್ವಿ."

"ಒಪ್ಕೊಂಡ್ನಾ?"

"ಸೈನ್ ಮಾಡಿ ಕೊಟ್ರು."

ಹಿಂದಿನವರಿಗೂ ಕಾಯದೆ ಇಳಿದು ಬಂದೆ.

ಅವನು ತಗುಲಲಿಲ್ಲ. ಈಗ ಬರೆಯುತ್ತೇನೆ. ಅವನು ನನ್ನ ಎಡಕ್ಕೆ, ಕಾಲು ಊರಿ, ಕಂಬದ ಹಾಗೆ ನಿಂತಿದ್ದ. ನನ್ನ ತೊಡೆ ನಡುಗಿತು. ಬೂಟು ಪೆಡಲಿನಿಂದ ಕಳಚಲಿಲ್ಲ. ಸೈಕಲ್ ಸಮೇತ ಅವನ ಮೇಲೆ ಉರುಳಿದೆ. ಉಳಿದವರು ಇನ್ನೂ ಹಿಂದಿದ್ದರು, ನೋಡಲಿಲ್ಲ. ಆಂಬುಲೆನ್ಸಿನವಳು ಕೇಳಿದಾಗ "ಅವನು ತಗುಲಿದ" ಅಂದೆ. ಎಲ್ಲರ ಮುಂದೆ. ಲಿಂಡ್ಸಿ ನನ್ನನ್ನು ನೋಡಿದ. ಇಲ್ಲೂ ಅದೇ ಸುಳ್ಳು ಬರೆದೆ, ರೇಲೀನ್ ಓದುತ್ತಾಳೆ ಅಂತ.

ಓದಲಿ.

ಮಾರ್ಚ್ 5, ಭಾನುವಾರ

ಅವನ ಮನೆಗೆ ಹೋದೆ. ಶೆಡ್ಡಿನಲ್ಲಿದ್ದ. ಒಂದು ಕೈ ಕೊರಳಿಗೆ ಕಟ್ಟಿದೆ, ಇನ್ನೊಂದರಲ್ಲಿ ಸೈಕಲ್ ಚೈನ್ ಒರೆಸುತ್ತಿದ್ದಾನೆ.

"ಯಾವ ಹುಚ್ಚಿಗೆ ಒಪ್ಕೊಂಡ್ಯೋ?"

"ಕೂಗ್ಬೇಡ. ಬ್ರಾನ್ವಿನ್ ಮಲಗಿದಾಳೆ."

"ಯಾಕೆ ಅಂತ ಕೇಳ್ದೆ!"

"ನಿನ್ನ ತೆಗೆದುಹಾಕ್ತಿದ್ರು ಮರ್ವ್. ನಂಗೆ ಹೆಂಡ್ತಿ ಇದಾಳೆ, ಮೊಮ್ಮಕ್ಕಳಿದಾರೆ, ಟೊಮ್ಯಾಟೊ ಗಿಡ ಇದೆ. ನಿಂಗೆ ಶನಿವಾರ ಬಿಟ್ರೆ ಏನಿದ್ಯೋ?"

"ನಿನ್ನ ಕನಿಕರ ಯಾವನು ಕೇಳ್ದ?"

"ಯಾರೂ ಕೇಳ್ಲಿಲ್ಲ. ನೀನೇ ಬಂದು ನಿಜ ಹೇಳ್ತೀಯ ಅಂತ ಎರಡು ವಾರ ಕಾದೆ. ಆಮೇಲೆ ಸೈನ್ ಮಾಡ್ದೆ."

ಎಣ್ಣೆ ಡಬ್ಬಿ ಒದ್ದು ಬಂದೆ. ಹೆಬ್ಬೆರಳು ಊದಿದೆ.

ಮಾರ್ಚ್ 11, ಶನಿವಾರ

ಹೇಳಿದೆ. ಪಬ್ಬಿನ ಮುಂದೆ, ಎಲ್ಲರೂ ಸೈಕಲ್ ಬಾರಿನ ಮೇಲೆ ಕೂತು ಚೆಂದ ಕಾಣುತ್ತಿದ್ದಾಗ. ಬಂದವನೇ, ಏದುಸಿರು ಬಿಡುತ್ತಲೇ ಹೇಳಿದೆ.

ಟ್ರಿಸ್ಟನ್ ಕನ್ನಡಕ ತೆಗೆದ. "ಐದು ವಾರ ಸುಳ್ಳು ಹೇಳಿದ್ರಾ?"

"ಹೇಳ್ದೆ. ಅವನ ಹೆಸರು ವಾಪಸ್ ಹಾಕು."

"ನಿಮ್ಮದು ತೆಗೀಬೇಕಾಗುತ್ತೆ."

"ಕೀಳೋದೇ ಅಲ್ವಾ ನಿನ್ನ ಕೆಲಸ. ಕೀಳು."

ಯಾರೂ ನಗಲಿಲ್ಲ.

ಒಬ್ಬನೇ ಇಳಿದೆ. ಸಿಗ್ನಲ್ ಕೆಂಪಾಯಿತು. ನೋಡುವವರು ಯಾರೂ ಇರಲಿಲ್ಲ. ಕಾಲು ಊರಿದೆ.

ಮಾರ್ಚ್ 26, ಭಾನುವಾರ

ಲಿಂಡ್ಸಿ ಫೋನ್ ಎತ್ತುತ್ತಿಲ್ಲ. ಆರು ಸಲ ಮಾಡಿದೆ. ಏಳನೇ ಸಲ ಅವನ ಹೆಂಡತಿ ಬ್ರಾನ್ವಿನ್ ಎತ್ತಿದಳು. ಟ್ರಿಸ್ಟನ್ ಅವನನ್ನು ವಾಪಸ್ ಕರೆದಿದ್ದಾನಂತೆ. ಇವನು "ನೋಡೋಣ" ಅಂದನಂತೆ. ಏಪ್ರಿಲ್ ಎಂಟಕ್ಕೆ ಸೈಕಲ್ ಹತ್ತಬಹುದಂತೆ.

"ಅವನಿಗೆ ಕೊಡು ಫೋನು."

"ಬೇಡ ಅಂತ ಕೈ ಆಡಿಸ್ತಿದಾರೆ ಮರ್ವ್. ಏನಿದ್ರೂ ಬರೆದು ಕೊಡು."

ಇವಳೂ! ಊರಿಗೆಲ್ಲ ನನ್ನ ಕೈಯಲ್ಲಿ ಬರೆಸುವ ಹುಚ್ಚು ಹಿಡಿದಿದೆ. ಸರಿ. ಇದರ ಕೆಳಗಿನಿಂದ ಹರಿದು ಅವನ ಗೇಟಿನ ಟಪಾಲು ಡಬ್ಬಿಗೆ ನಾನೇ ಹಾಕಿ ಬರುತ್ತೇನೆ.

ಲಿಂಡ್ಸಿ,

ಟಪಾಲು ಬಂದಿದೆ. ಬೇಕಾದರೆ ನಗು.

ಏಪ್ರಿಲ್ 8, ಶನಿವಾರ, ಬೆಳಿಗ್ಗೆ ಆರೂವರೆಗೆ ಆ ಸಿಗ್ನಲ್ಲಿನ ಎಡಗಡೆ ನಿಂತಿರುತ್ತೇನೆ. ಗುಂಪಿಲ್ಲ, ನಾನೊಬ್ಬನೇ. ಹಸಿರಾದರೂ ಹೋಗುವುದಿಲ್ಲ. ಕಾಲು ಊರಿಯೇ ನಿಂತಿರುತ್ತೇನೆ, ನೋಡಿದವರು ನೋಡಿಕೊಳ್ಳಲಿ. ತಪ್ಪಾಯಿತು ಅನ್ನುವುದನ್ನು ಕಾಗದದಲ್ಲಿ ಬರೆಯುವುದಿಲ್ಲ, ಅದನ್ನು ನಿನ್ನ ಎದುರಿಗೆ ಹೇಳಬೇಕು. ಗುಂಪಿನ ಜೊತೆಗೇ ಹೋಗುವುದಾದರೆ ಹೋಗು, ಅದನ್ನಾದರೂ ಬಾಯಿಬಿಟ್ಟು ಹೇಳು.

ಬರುತ್ತೀಯೋ ಇಲ್ಲವೋ. ಶುಕ್ರವಾರ, 31ನೇ ತಾರೀಕಿನೊಳಗೆ ಉತ್ತರ ಬೇಕು.